ಜಗ್ಗದ ಅಣುಗಳ ಹಿಂದೆ

ಜಾರ್ಜ್ ಓಲಾ ಅವರಿಗೆ 1994ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂದದ್ದು ಕಾರ್ಬೋಕ್ಯಾಟಯಾನುಗಳ ಮೇಲಿನ ಕೆಲಸಕ್ಕೆ. ಧನ ವಿದ್ಯುದಂಶ ಹೊತ್ತ ಇಂಗಾಲದ ಈ ಅಯಾನುಗಳ ಹೆಸರನ್ನು ರಸಾಯನವಿಜ್ಞಾನ ಓದದವರು ಕೇಳಿರುವ ಸಂಭವವೇ ಕಡಿಮೆ. ಅದಾಗಿ ಹನ್ನೆರಡು ವರ್ಷಕ್ಕೆ, ಎಂಬತ್ತರ ಹೊಸ್ತಿಲಲ್ಲಿ, ಅವರು ಅಲನ್ ಗೋಪರ್ಟ್ ಮತ್ತು ಸೂರ್ಯಪ್ರಕಾಶ್ ಜೊತೆಗೂಡಿ ಮೆಥನಾಲ್ ಆರ್ಥಿಕತೆ ಎಂಬ ಪುಸ್ತಕ ತಂದರು. ಕಲ್ಲೆಣ್ಣೆ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಅದರಲ್ಲಿ ನೇರ ಉತ್ತರವಿತ್ತು: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೇ ಹಿಡಿದು, ಹೈಡ್ರೋಜನ್ ಸೇರಿಸಿ, ಮೆಥನಾಲ್ ಎಂಬ ದ್ರವ ಇಂಧನ ಮಾಡಿಕೊಳ್ಳಿ. ಇವೆರಡನ್ನೂ ಎರಡು ಬೇರೆ ಬದುಕುಗಳಂತೆ ಹೇಳುವುದು ರೂಢಿ. ಮೊದಲು ಪ್ರಯೋಗಶಾಲೆಯ ಶುದ್ಧ ವಿಜ್ಞಾನಿ, ಇಳಿವಯಸ್ಸಿನಲ್ಲಿ ಲೋಕದ ಚಿಂತೆ ಹೊತ್ತ ಹಿರಿಯ. ಆದರೆ ಅವರ ಕೆಲಸವನ್ನು ಕ್ರಮವಾಗಿ ನೋಡಿದರೆ ಕಾಣುವುದು ಒಂದೇ ಪ್ರಶ್ನೆ. ಯಾವುದಕ್ಕೂ ಜಗ್ಗದ ಅಣುವನ್ನು ಜಗ್ಗಿಸುವುದು ಹೇಗೆ? ಅಲ್ಲಿ ವೇಗವರ್ಧಕದ ಕೈಲಾಗುವುದೆಷ್ಟು, ಆಗದ್ದೆಷ್ಟು? ಮೆಥನಾಲ್ ಪರವಾಗಿ ಮಾತಾಡುವವರೂ ವಿರೋಧಿಸುವವರೂ ಎಡವುವುದು ಹೆಚ್ಚಾಗಿ ಈ ಪ್ರಶ್ನೆಯ ಕೊನೆಯ ಭಾಗದಲ್ಲಿ. ಓಲಾ ಅವರ ಯೋಜನೆಯನ್ನು ಅಳೆಯಲು ಬೇಕಾದ ಅಳತೆಗೋಲು ಅವರ ವೃತ್ತಿಯೊಳಗೇ ಇದೆ ಎಂಬುದು ಈ ಅಧ್ಯಾಯದ ವಾದ.

ಓಲಾ ಹುಟ್ಟಿದ್ದು 1927ರಲ್ಲಿ, ಬುಡಾಪೆಸ್ಟಿನಲ್ಲಿ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅವರ ಗುರು ಗೇಜಾ ಜೆಂಪ್ಲೆನ್, ಸಕ್ಕರೆಗಳ ರಸಾಯನದಲ್ಲಿ ದೊಡ್ಡ ಹೆಸರು. ಶಿಷ್ಯನಿಗೆ ಹುಚ್ಚು ಹಿಡಿದದ್ದು ಫ್ಲೋರಿನ್ ಸಂಯುಕ್ತಗಳದ್ದು. ಗಾಜನ್ನೂ ತಿನ್ನುವ, ಚರ್ಮದೊಳಗಿಳಿದು ಮೂಳೆ ತಲುಪುವ ಹೈಡ್ರೋಜನ್ ಫ್ಲೋರೈಡನ್ನು ಯುದ್ಧದಲ್ಲಿ ಜಜ್ಜಿಹೋದ ನಗರದ ಕಾಲೇಜಿನಲ್ಲಿ ಬಳಸುವುದು ಗುರುವಿಗೆ ಹುಚ್ಚಾಟವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಟ್ಟಡದ ಮೇಲಂತಸ್ತಿನ ಒಂದು ತೆರೆದ ಬಾಲ್ಕನಿಯಲ್ಲಿ ಆ ಕೆಲಸಕ್ಕೆ ಅವಕಾಶ ಸಿಕ್ಕಿತು. 1956ರ ಹಂಗೇರಿಯ ದಂಗೆಯನ್ನು ಸೋವಿಯತ್ ಸೇನೆ ಹತ್ತಿಕ್ಕಿದ ಮೇಲೆ ಅವರು ಕುಟುಂಬ ಸಮೇತ ದೇಶ ಬಿಟ್ಟರು. ಕೆನಡಾದ ಸಾರ್ನಿಯಾದಲ್ಲಿ ಡೌ ಕೆಮಿಕಲ್ ಕಂಪನಿಯ ಪ್ರಯೋಗಾಲಯ ಸೇರಿ, 1965ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿಗೆ, 1977ರಲ್ಲಿ ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಊರುಗಳು ಬದಲಾದರೂ ಫ್ಲೋರಿನ್ ಅವರ ಕೈ ಬಿಡಲಿಲ್ಲ.

ಅದರ ಮಹತ್ವ ತಿಳಿಯಲು ಕಾರ್ಬೋಕ್ಯಾಟಯಾನಿನ ಸಮಸ್ಯೆ ಏನೆಂದು ನೋಡಬೇಕು. ಪೆಟ್ರೋಲಿಯಂ ಸಂಸ್ಕರಣೆಯಿಂದ ಹಿಡಿದು ಎಷ್ಟೋ ಕ್ರಿಯೆಗಳಲ್ಲಿ ಇಂಗಾಲದ ಅಯಾನು ಒಂದು ಕ್ಷಣ ಹುಟ್ಟಿ ಮಾಯವಾಗುತ್ತದೆ ಎಂದು ರಸಾಯನಜ್ಞರು ಬಹಳ ದಿನಗಳಿಂದ ತರ್ಕಿಸಿದ್ದರು. ಆದರೆ ಅದನ್ನು ನೋಡಿದವರಿರಲಿಲ್ಲ. ಎಲೆಕ್ಟ್ರಾನುಗಳಿಗೆ ಹಸಿದ ಅಯಾನು ಪಕ್ಕದಲ್ಲಿರುವ ನೀರನ್ನೋ ಆಲ್ಕೊಹಾಲನ್ನೋ ಸೆಕೆಂಡಿನ ದಶಲಕ್ಷದ ಒಂದು ಪಾಲಿಗೂ ಕಡಿಮೆ ಹೊತ್ತಿನಲ್ಲಿ ಹಿಡಿದುಬಿಡುತ್ತದೆ. ಅಯಾನನ್ನು ಉಳಿಸಬೇಕಾದರೆ ಎಲೆಕ್ಟ್ರಾನುಗಳನ್ನು ಕೊಡಲೊಪ್ಪದ ನೆರೆಹೊರೆ ಬೇಕು. ಆಂಟಿಮನಿ ಪೆಂಟಾಫ್ಲೋರೈಡ್ ಅಂಥ ದ್ರವ. ಅದರಲ್ಲಿ ಕರಗಿಸಿದ ಫ್ಲೋರೈಡ್ ಸಂಯುಕ್ತದಿಂದ ಫ್ಲೋರಿನ್ ಕಳಚಿಹೋಗಿ ಇಂಗಾಲದ ಅಯಾನು ಹಾಗೇ ಉಳಿಯಿತು, ಅಣುಗಳ ರಚನೆ ತೋರಿಸುವ ಎನ್‌ಎಂಆರ್ ಯಂತ್ರದಲ್ಲಿ ಸಾವಧಾನವಾಗಿ ಅಳೆಯಲು ಸಿಕ್ಕಿತು. ಓಲಾ ಇದನ್ನು 1962ರಲ್ಲಿ ವಿದ್ವಾಂಸರ ಮುಂದಿಟ್ಟರು. ಊಹೆಯಲ್ಲಷ್ಟೇ ಇದ್ದ ಕಣವೊಂದು ಸೀಸೆಯಲ್ಲಿ ಕೂತಿತು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು ಎಂದು ನನಗೆ ತೋರುತ್ತದೆ, ನೊಬೆಲ್ ಕಥನಗಳಲ್ಲಿ ಅದು ಬರುವುದು ತಮಾಷೆಯ ಪ್ರಸಂಗವಾಗಿಯಾದರೂ. ಫ್ಲೋರೋಸಲ್ಫ್ಯೂರಿಕ್ ಆಮ್ಲಕ್ಕೆ ಆಂಟಿಮನಿ ಪೆಂಟಾಫ್ಲೋರೈಡ್ ಬೆರೆಸಿದರೆ ಸಿಗುವ ಆಮ್ಲ ಶುದ್ಧ ಸಲ್ಫ್ಯೂರಿಕ್ ಆಮ್ಲಕ್ಕಿಂತ ಕೋಟ್ಯಂತರ ಪಟ್ಟು ಪ್ರಬಲ. 1966ರಲ್ಲಿ ಓಲಾ ಅವರ ಪ್ರಯೋಗಾಲಯದ ಸಂಶೋಧಕರೊಬ್ಬರು ಇದರೊಳಗೆ ಮೇಣದಬತ್ತಿಯ ಚೂರೊಂದನ್ನು ಹಾಕಿದರು. ಅದು ಕರಗಿತು. ದ್ರಾವಣದ ಎನ್‌ಎಂಆರ್‌ನಲ್ಲಿ ಕಂಡದ್ದು ಕಾರ್ಬೋಕ್ಯಾಟಯಾನಿನ ಸ್ಪಷ್ಟ ಗುರುತು. ಇದಕ್ಕೆ ಮ್ಯಾಜಿಕ್ ಆಸಿಡ್ ಎಂಬ ಹೆಸರು ಬಿದ್ದು, ಮುಂದೆ ವ್ಯಾಪಾರದ ಹೆಸರೂ ಆಯಿತು. ಹೆಸರಿಗಿಂತ ಮುಖ್ಯವಾದದ್ದು ಕರಗಿದ ವಸ್ತು. ಮೇಣವೆಂದರೆ ಇಂಗಾಲ, ಹೈಡ್ರೋಜನ್ ಎರಡೇ ಇರುವ ಉದ್ದ ಸರಪಳಿ. ಅದರ ಒಂಟಿ ಬಂಧಗಳಲ್ಲಿ ಬಿಡಿ ಎಲೆಕ್ಟ್ರಾನುಗಳಿಲ್ಲ, ಹಾಗಾಗಿ ಮಾಮೂಲಿ ಆಮ್ಲಕ್ಕೆ ಹಿಡಿತವೇ ಸಿಗದು. ಸಾಕಷ್ಟು ಬಲವಾದ ಆಮ್ಲವಾದರೆ ಆ ಬಂಧದೊಳಗಿನ ಎಲೆಕ್ಟ್ರಾನುಗಳನ್ನೇ ಹಂಚಿಕೊಳ್ಳುತ್ತದೆ ಎಂದು ಓಲಾ ಮುಂದೆ ವಿವರಿಸಿದರು. ಅತಿ ಸೋಮಾರಿಯಾದ ಮೀಥೇನ್ ಅಣುವೂ ಕ್ಷಣಕಾಲ ಐದು ಹೈಡ್ರೋಜನ್ ಹೊತ್ತು ನಿಲ್ಲಬಲ್ಲದು. ಇಂಗಾಲಕ್ಕೆ ನಾಲ್ಕೇ ಕೈ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಅಪಚಾರದಂತೆ ಕೇಳಿಸೀತು. ಈ ತಿಳಿವಳಿಕೆಯಿಂದ ನೇರ ಸರಪಳಿಯ ಹೈಡ್ರೋಕಾರ್ಬನ್ನುಗಳನ್ನು ಕವಲೊಡೆಸಿ ಪೆಟ್ರೋಲಿನ ಆಕ್ಟೇನ್ ಅಂಕ ಏರಿಸುವ ಕ್ರಿಯೆಗಳ ಒಳಗುಟ್ಟು ಬಯಲಾಯಿತು. ಸೀಸ ಬೆರೆಸದ ಪೆಟ್ರೋಲಿನ ಕಾಲದಲ್ಲಿ ಅದು ಸಣ್ಣ ಲಾಭವಲ್ಲ. ಮುಂದೆ ಲಾಸ್ ಏಂಜಲೀಸಿನಲ್ಲಿ ಮೀಥೇನನ್ನು ಮೊದಲು ಹ್ಯಾಲೋಜನ್ ಸಂಯುಕ್ತವಾಗಿಸಿ, ಅದರಿಂದ ಮೆಥನಾಲ್ ಪಡೆಯುವ ದಾರಿಯನ್ನೂ ಅವರು ಅರಸಿದರು. ಮೇಣ, ಮೀಥೇನ್, ಕಡೆಗೆ ಇಂಗಾಲದ ಡೈಆಕ್ಸೈಡ್: ಒಂದಕ್ಕಿಂತ ಒಂದು ಮೊಂಡ ಅಣುಗಳ ಸಾಲು ಇದು. 1994ರ ಆಚೀಚೆ ಅವರ ಬದುಕಿನಲ್ಲಿ ತಿರುವು ಹುಡುಕುವವರು ಈ ಸಾಲನ್ನು ಗಮನಿಸಿಲ್ಲ.

ಆದರೆ ಸಾಲಿನ ಕೊನೆಯ ಅಣು ಒಂದು ವಿಷಯದಲ್ಲಿ ಬೇರೆ. ಮೇಣವೂ ಮೀಥೇನೂ ತಮ್ಮೊಳಗೆ ಶಕ್ತಿ ಇಟ್ಟುಕೊಂಡು ಜಗ್ಗದೆ ಕೂತವು. ಇಂಗಾಲದ ಡೈಆಕ್ಸೈಡ್ ಜಗ್ಗದಿರುವುದು ಅದರಲ್ಲಿ ಉರಿಯಲು ಏನೂ ಉಳಿದಿಲ್ಲದ ಕಾರಣಕ್ಕೆ. ವೇಗವರ್ಧಕ ಮೊದಲ ಬಗೆಯ ಮೊಂಡುತನವನ್ನು ಮುರಿಯಬಲ್ಲದು, ಎರಡನೆಯದನ್ನು ಮುರಿಯಲಾರದು. ಶಿರಾಡಿ ಘಾಟಿಯಲ್ಲಿ ಎಷ್ಟೇ ಚಂದದ ಸುರಂಗ ಕೊರೆದರೂ ಮಂಗಳೂರಿನಿಂದ ಸಕಲೇಶಪುರಕ್ಕೆ ಹೊರೆ ಏರಿಸಲು ಬೇಕಾದ ಕನಿಷ್ಠ ಶ್ರಮ ಇಳಿಯದು, ಏಕೆಂದರೆ ಎರಡು ಊರಿನ ಎತ್ತರ ಇದ್ದಲ್ಲೇ ಇರುತ್ತದೆ. ಹಾಗೆಯೇ ವೇಗವರ್ಧಕ ಕ್ರಿಯೆಯ ದಾರಿಯನ್ನು ಸಲೀಸು ಮಾಡುತ್ತದೆ, ಆರಂಭ ಮತ್ತು ಅಂತ್ಯದ ನಡುವಿನ ಶಕ್ತಿಯ ವ್ಯತ್ಯಾಸವನ್ನು ಮುಟ್ಟುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಇಂಧನ ಮಾಡುವ ಪವಾಡದ ವೇಗವರ್ಧಕ ಸಿಕ್ಕಿತೆಂದು ಪತ್ರಿಕೆಗಳು ಆಗಾಗ ಬರೆಯುವ ಸುದ್ದಿಯಲ್ಲಿ ತಪ್ಪುವ ಮಾತು ಇದೇ. ಇಂಧನದೊಳಗಿನ ಶಕ್ತಿ ಬೇರೆಲ್ಲಿಂದಲೋ ಬರಲೇಬೇಕು.

ಹಾಗಾದರೆ ವೇಗವರ್ಧಕದ ಬೆಲೆ ಬರೀ ಅವಸರವನ್ನು ತಣಿಸುವುದೇ ಎಂದು ಕೇಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ, ಮೆಥನಾಲಿನ ಇತಿಹಾಸವೇ ಅದಕ್ಕೆ ಸಾಕ್ಷಿ. ಜರ್ಮನಿಯ ಬಿಎಎಸ್ಎಫ್ ಕಂಪನಿ 1923ರಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ನಿನಿಂದ ಮೆಥನಾಲ್ ತಯಾರಿಸತೊಡಗಿದಾಗ ಬಳಸಿದ್ದು ಸತು ಮತ್ತು ಕ್ರೋಮಿಯಂ ಆಕ್ಸೈಡುಗಳನ್ನು. ಅವು ಸುಮಾರು 300ರಿಂದ 400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಷ್ಟೇ ಚುರುಕಾಗುತ್ತಿದ್ದವು. ಈ ಕ್ರಿಯೆ ಶಾಖ ಹೊರಹಾಕುವಂಥದು, ಕಾವು ಏರಿದಷ್ಟೂ ಅದರ ಸಮತೋಲ ಹಿಂದಕ್ಕೆ, ಮೆಥನಾಲ್ ಒಡೆಯುವ ಕಡೆಗೆ ವಾಲುತ್ತದೆ. ಅದನ್ನು ಮುಂದಕ್ಕೆ ನೂಕಲು 200 ವಾತಾವರಣಕ್ಕೂ ಮಿಕ್ಕ ಒತ್ತಡ ಬೇಕಾಯಿತು. 1966ರಲ್ಲಿ ಬ್ರಿಟನ್ನಿನ ಐಸಿಐ ತಾಮ್ರ ಮತ್ತು ಸತುವಿನ ಆಕ್ಸೈಡಿನ ವೇಗವರ್ಧಕ ತಂದಿತು. ಅದು 220ರಿಂದ 280 ಡಿಗ್ರಿಯಲ್ಲೇ ಕೆಲಸ ಮಾಡಿತು, ಒತ್ತಡ 50ರಿಂದ 100 ವಾತಾವರಣಕ್ಕೆ ಇಳಿಯಿತು. ಸಮತೋಲದ ನಿಯಮ ಬದಲಾಗಿರಲಿಲ್ಲ. ನಿಯಮ ನಮಗೆ ಅನುಕೂಲವಾಗಿರುವ ತಾಪಮಾನಕ್ಕೆ ಹೋಗಿ ನಿಲ್ಲಲು ಹೊಸ ವೇಗವರ್ಧಕ ಅವಕಾಶ ಕೊಟ್ಟಿತು, ಅಷ್ಟೇ. ಈ ಅಷ್ಟೇ ಎನ್ನುವುದರಲ್ಲಿ ಒಂದು ಇಡೀ ಉದ್ಯಮ ಅಡಗಿತ್ತು. ಗಂಧಕ ತಾಗಿದರೆ ತಾಮ್ರ ಸಾಯುತ್ತದೆ, ಆದ್ದರಿಂದ ಅನಿಲವನ್ನು ಮೊದಲು ಚೆನ್ನಾಗಿ ಶುದ್ಧಿ ಮಾಡುವುದನ್ನೂ ಉದ್ಯಮ ಕಲಿಯಬೇಕಾಯಿತು.

ಈಗ ಓಲಾ ಅವರ ಯೋಜನೆಯ ಲೆಕ್ಕ ಹಾಕೋಣ. ಒಂದು ಮೋಲ್ ಇಂಗಾಲದ ಡೈಆಕ್ಸೈಡಿಗೆ ಮೂರು ಮೋಲ್ ಹೈಡ್ರೋಜನ್ ಸೇರಿ ಒಂದು ಮೋಲ್ ಮೆಥನಾಲ್, ಒಂದು ಮೋಲ್ ನೀರು ಆಗುತ್ತವೆ. ಮೂರು ಮೋಲ್ ಹೈಡ್ರೋಜನ್ ಉರಿದರೆ ಬರುವ ಶಕ್ತಿ ಸುಮಾರು 858 ಕಿಲೋಜೌಲ್, ಒಂದು ಮೋಲ್ ಮೆಥನಾಲಿನದು 726. ಅಂದರೆ ಎಲ್ಲವೂ ಆದರ್ಶವಾಗಿ ನಡೆದರೂ ಹೈಡ್ರೋಜನ್ನಿನ ಶಕ್ತಿಯಲ್ಲಿ ಶೇ. 85ರಷ್ಟು ಮಾತ್ರ ದ್ರವಕ್ಕಿಳಿಯುತ್ತದೆ, ಉಳಿದದ್ದು ಶಾಖ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು. ಅಷ್ಟು ತೆಳುವಾದದ್ದನ್ನು ಹೆಕ್ಕುವುದೇ ದೊಡ್ಡ ಖರ್ಚು ಎಂದು ಅನಿಸುವುದು ಸಹಜ. ಉಷ್ಣಗತಿವಿಜ್ಞಾನದ ಲೆಕ್ಕದಲ್ಲಿ ಅದರ ಕನಿಷ್ಠ ಬೆಲೆ ಮೋಲಿಗೆ ಸುಮಾರು 20 ಕಿಲೋಜೌಲ್. ನಿಜದ ಯಂತ್ರಗಳು ಇದರ ಎಷ್ಟೋ ಪಟ್ಟು ಬಳಸುತ್ತವೆ, ಒಪ್ಪಿದೆ. ಆದರೂ 20 ಮತ್ತು 858ರ ನಡುವಿನ ಅಂತರ ಗಮನಿಸಿ. ಮೆಥನಾಲಿನ ಕಥೆಯಲ್ಲಿ ಇಂಗಾಲಕ್ಕೆ ಸಿಗುವ ಪ್ರಚಾರ ಹೆಚ್ಚು, ಲೆಕ್ಕಪತ್ರದಲ್ಲಿ ಸಿಂಹಪಾಲು ಹೈಡ್ರೋಜನ್ನಿನದು. ಒಂದು ಟನ್ ಮೆಥನಾಲಿಗೆ ಸುಮಾರು 190 ಕಿಲೋ ಹೈಡ್ರೋಜನ್ ಬೇಕು. ಒಂದು ಕಿಲೋ ಹೈಡ್ರೋಜನ್ನಿಗಾಗಿ ನೀರನ್ನು ಒಡೆಯಲು ಇಂದಿನ ಯಂತ್ರಗಳಿಗೆ 50ಕ್ಕೂ ಹೆಚ್ಚು ಯೂನಿಟ್ ವಿದ್ಯುತ್ ಬೇಕು. ಒಟ್ಟು ಹತ್ತು ಸಾವಿರ ಯೂನಿಟ್ಟಿನ ಆಸುಪಾಸು ಸುರಿದು ಪಡೆಯುವ ಒಂದು ಟನ್ ಮೆಥನಾಲಿನಲ್ಲಿ ಇರುವುದು ಸುಮಾರು 5,500 ಯೂನಿಟ್ಟಿಗೆ ಸಮನಾದ ಶಕ್ತಿ.

ಇಷ್ಟು ಕಳೆದುಕೊಳ್ಳುವ ಬದಲು ಹೈಡ್ರೋಜನ್ನನ್ನೇ ಇಂಧನವಾಗಿ ಬಳಸಬಾರದೇಕೆ ಎಂಬುದು ಮೊದಲ ಆಕ್ಷೇಪ. ಓಲಾ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿದೆ. ಹೈಡ್ರೋಜನ್ ದ್ರವವಾಗುವುದು ಸೊನ್ನೆಗಿಂತ 253 ಡಿಗ್ರಿ ಕೆಳಗೆ. ಅಷ್ಟು ತಂಪು ಮಾಡಿದ ಮೇಲೂ ಒಂದು ಲೀಟರಿನಲ್ಲಿ ಇರುವ ಹೈಡ್ರೋಜನ್ 71 ಗ್ರಾಂ. ಮಾಮೂಲಿ ಡಬ್ಬಿಯಲ್ಲಿ ಕೋಣೆಯ ಶಾಖದಲ್ಲಿ ಕೂತ ಒಂದು ಲೀಟರ್ ಮೆಥನಾಲಿನಲ್ಲಿ ಹೈಡ್ರೋಜನ್ ಸುಮಾರು 99 ಗ್ರಾಂ, ಅದರ ಮೇಲೆ ಇಂಗಾಲ ಬೇರೆ. ಹೈಡ್ರೋಜನ್ನನ್ನು ಹೊರುವ ಅತ್ಯುತ್ತಮ ಪಾತ್ರೆ ಇಂಗಾಲದ ಒಂದು ಪರಮಾಣು ಎಂದಾಯಿತು. ಈಗಿರುವ ಟ್ಯಾಂಕರು, ಪೈಪು, ಬಂದರಿನ ಉಗ್ರಾಣಗಳನ್ನು ಸ್ವಲ್ಪ ತಿದ್ದಿ ಬಳಸಬಹುದು. ಪೆಟ್ರೋಲಿನ ಅರ್ಧದಷ್ಟೇ ಶಕ್ತಿ ಒಂದು ಲೀಟರಿನಲ್ಲಿ ಇದೆ ಎಂಬ ಕೊರತೆಯನ್ನು ಟ್ಯಾಂಕು ದೊಡ್ಡದು ಮಾಡಿ ನೀಗಿಸಬಹುದು. ಇಂಧನವಾಗಿ ಮಾತ್ರವಲ್ಲ, ಮೆಥನಾಲಿನಿಂದ ಎಥಿಲೀನ್, ಪ್ರೊಪಿಲೀನ್ ಮಾಡಬಹುದು, ಅವುಗಳಿಂದ ಪ್ಲಾಸ್ಟಿಕ್ಕು. ಕಲ್ಲೆಣ್ಣೆ ಬಿಟ್ಟ ಮೇಲೂ ನಮಗೆ ಇಂಗಾಲದ ಸರಕು ಬೇಕಾಗುತ್ತದೆ ಎಂಬುದನ್ನು ಶಕ್ತಿಯ ಚರ್ಚೆ ಸಾಮಾನ್ಯವಾಗಿ ಮರೆತುಬಿಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅದೇ ಹತ್ತು ಸಾವಿರ ಯೂನಿಟ್ಟನ್ನು ಬ್ಯಾಟರಿಗೆ ತುಂಬಿದರೆ ಕಾರಿನ ಚಕ್ರಕ್ಕೆ ಮುಕ್ಕಾಲು ಪಾಲು ತಲುಪುತ್ತದೆ. ಮೆಥನಾಲಾಗಿಸಿ ಎಂಜಿನ್ನಿನಲ್ಲಿ ಉರಿಸಿದರೆ ಕಾಲು ಪಾಲು ತಲುಪುವುದೂ ಕಷ್ಟ. ಈ ಆಕ್ಷೇಪಕ್ಕೆ ಉತ್ತರವಿಲ್ಲ, ಒಪ್ಪಿಕೊಳ್ಳುವುದೇ ಸರಿ. 2005ರ ಸುಮಾರಿಗೆ ಓಲಾ ಬರೆಯುವಾಗ ಲಿಥಿಯಂ ಬ್ಯಾಟರಿ ಕಾರಿನ ಮಟ್ಟಿಗೆ ದುಬಾರಿ ಕನಸಾಗಿತ್ತು. ಅದು ಅಗ್ಗವಾದಂತೆ ಕಾರಿಗೆ ಮೆಥನಾಲ್ ಎಂಬ ವಾದ ಬಲ ಕಳೆದುಕೊಂಡಿತು. ಇಸ್ರೇಲ್ ಸರ್ಕಾರ 2013ರಲ್ಲಿ ಓಲಾ ಮತ್ತು ಸೂರ್ಯಪ್ರಕಾಶರಿಗೆ ಹತ್ತು ಲಕ್ಷ ಡಾಲರಿನ ಬಹುಮಾನ ಕೊಟ್ಟದ್ದು ಸಾರಿಗೆಯ ಪರ್ಯಾಯ ಇಂಧನಕ್ಕಾಗಿಯೇ. ಆ ಬಹುಮಾನದ ಹಿಂದಿದ್ದ ಕಲ್ಪನೆಗೂ ಇಂದಿನ ರಸ್ತೆಗೂ ಈಗ ಹೆಚ್ಚು ಹೊಂದಿಕೆಯಿಲ್ಲ. ಆದರೆ ಸೋಲು ಕಾರಿನದು, ಅಣುವಿನದಲ್ಲ. ಒಂದು ಕಿಲೋ ಮೆಥನಾಲಿನಲ್ಲಿ 5.5 ಯೂನಿಟ್ ಶಕ್ತಿ ಇದ್ದರೆ, ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಅದರ ಇಪ್ಪತ್ತು–ಮೂವತ್ತನೆಯ ಒಂದು ಪಾಲು. ಊರೊಳಗೆ ಓಡುವ ಕಾರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಸಾಗರ ದಾಟುವ ಹಡಗಿಗೆ ಅದೇ ನಿರ್ಣಾಯಕ. ಸ್ಟೆನಾ ಜರ್ಮಾನಿಕಾ ಎಂಬ ಬಾಲ್ಟಿಕ್ ಸಮುದ್ರದ ಪ್ರಯಾಣಿಕ ಹಡಗು 2015ರಲ್ಲೇ ಮೆಥನಾಲಿಗೆ ಹೊರಳಿತು. 2023ರಲ್ಲಿ ಮಾರ್ಸ್ಕ್ ಕಂಪನಿಯ ಮೆಥನಾಲಿನಲ್ಲಿ ಓಡಬಲ್ಲ ಲಾರಾ ಮಾರ್ಸ್ಕ್ ಎಂಬ ಕಂಟೇನರ್ ಹಡಗು ನೀರಿಗಿಳಿಯಿತು.

ಇಂಗಾಲ ಎಲ್ಲಿಂದ ಬಂತು ಎಂಬುದು ಮೂರನೆಯ ಪ್ರಶ್ನೆ. ಇಲ್ಲಿ ಓಲಾ ಅವರ ಬರಹದಲ್ಲೇ ಒಂದು ಸಡಿಲ ಎಳೆ ಇದೆ ಎಂದು ನನ್ನ ಅಭಿಪ್ರಾಯ. ಅವರು ಗಾಳಿಯಿಂದ ಹಿಡಿಯುವ ಇಂಗಾಲದ ಜೊತೆಗೆ ಕಾರ್ಖಾನೆಯ ಚಿಮಣಿಯದನ್ನೂ, ನೈಸರ್ಗಿಕ ಅನಿಲವನ್ನೂ ಒಂದೇ ಚೀಲಕ್ಕೆ ಹಾಕಿದರು. ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು 3:1:2ರ ಅನುಪಾತದಲ್ಲಿ ಬೆರೆಸಿ ಮೆಥನಾಲಿಗೆ ತಕ್ಕ ಅನಿಲ ಮಿಶ್ರಣ ಪಡೆಯುವ ಅವರ ವಿಧಾನ ರಸಾಯನವಾಗಿ ಬಹಳ ಅಚ್ಚುಕಟ್ಟು, ಒಂದು ಪರಮಾಣುವೂ ಪೋಲಾಗದು. ಆದರೆ ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಇಂಗಾಲ ಭೂಮಿಯೊಳಗಿಂದ ಬಂದದ್ದು. ಉರಿದ ಮೇಲೆ ಅದೆಲ್ಲ ಗಾಳಿಗೆ ಹೊಸ ಸೇರ್ಪಡೆ. ಐಸ್‌ಲೆಂಡಿನ ಸ್ವಾರ್ಟ್‌ಸೆಂಗಿ ಭೂಶಾಖ ಸ್ಥಾವರದ ಪಕ್ಕ 2012ರ ಹೊತ್ತಿಗೆ ಓಲಾ ಅವರ ಹೆಸರಿನಲ್ಲೇ ಎದ್ದ ಘಟಕ ಭೂಗರ್ಭದ ಆವಿಯೊಡನೆ ಹೇಗೂ ಹೊರಬರುತ್ತಿದ್ದ ಅನಿಲವನ್ನು ಬಳಸಿತು. ವಿದ್ಯುತ್ತೂ ಜಲ ಮತ್ತು ಭೂಶಾಖದ್ದು, ವರ್ಷಕ್ಕೆ 4,000 ಟನ್ನಿನ ಸಾಮರ್ಥ್ಯ. ಆ ಘಟಕ ಕಟ್ಟಿದ ಕಂಪನಿಯ ತಂತ್ರಜ್ಞಾನದಿಂದಲೇ ಚೀನಾದ ಅನ್ಯಾಂಗ್‌ನಲ್ಲಿ 2022ರಲ್ಲಿ ಶುರುವಾದ ಘಟಕದ ಸಾಮರ್ಥ್ಯ 1,10,000 ಟನ್. ಅಲ್ಲಿನ ಹೈಡ್ರೋಜನ್ ಮಾತ್ರ ಕಲ್ಲಿದ್ದಲಿನ ಕೋಕ್ ಒಲೆಗಳ ಅನಿಲದಿಂದ ಬರುತ್ತದೆ. ಎರಡರಲ್ಲೂ ಹೊರಬರುವ ದ್ರವ ಒಂದೇ, ಹವಾಮಾನದ ಲೆಕ್ಕ ಬೇರೆ. ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವ ಹತ್ತು ಕೋಟಿ ಟನ್ನಿಗೂ ಮೀರಿದ ಮೆಥನಾಲಿನಲ್ಲಿ ಬಹುಪಾಲು ಇಂದಿಗೂ ನೈಸರ್ಗಿಕ ಅನಿಲ, ಕಲ್ಲಿದ್ದಲುಗಳದ್ದೇ. ಮೆಥನಾಲ್ ಎಂಬ ಹೆಸರೊಂದರಿಂದ ಹಸಿರಿನ ಪ್ರಮಾಣಪತ್ರ ಸಿಗದು.

ಗಾಳಿಯ ಇಂಗಾಲವನ್ನೇ ನೆಚ್ಚುವುದು ಸಾಧ್ಯವೇ ಎಂಬುದಕ್ಕೆ ಓಲಾ ಅವರ ಗುಂಪು 2016ರಲ್ಲಿ ಒಂದು ಉತ್ತರ ಕೊಟ್ಟಿತು. ಇದರ ಮುಂದಾಳು ಸೂರ್ಯಪ್ರಕಾಶ್. ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿ, ಓಲಾ ಅವರ ಬಳಿ ಡಾಕ್ಟರೇಟ್ ಮಾಡಿ, 2017ರಲ್ಲಿ ಗುರು ತೀರಿಕೊಳ್ಳುವವರೆಗೂ ಜೊತೆಗೇ ಕೆಲಸ ಮಾಡಿದವರು. ಫ್ಲೋರಿನ್ ರಸಾಯನದಲ್ಲಿ ಅವರ ಹೆಸರು ಹೊತ್ತ ಕಾರಕವೇ ಇದೆ. ಈ ಪ್ರಯೋಗದಲ್ಲಿ ಅಮೀನು ಗುಂಪುಗಳು ತುಂಬಿದ ದ್ರಾವಣದೊಳಗೆ ಮಾಮೂಲಿ ಗಾಳಿ ಹಾಯಿಸಿ ಇಂಗಾಲದ ಡೈಆಕ್ಸೈಡನ್ನು ಹಿಡಿದರು. ಅದನ್ನು ಬೇರ್ಪಡಿಸುವ ಗೋಜಿಗೆ ಹೋಗದೆ ಅದೇ ದ್ರಾವಣದಲ್ಲಿ ರುಥೇನಿಯಂ ವೇಗವರ್ಧಕ, ಹೈಡ್ರೋಜನ್ ಸೇರಿಸಿ, 150 ಡಿಗ್ರಿಯ ಆಸುಪಾಸಿನಲ್ಲಿ ಮೆಥನಾಲ್ ಪಡೆದರು. ಹಿಡಿದ ಇಂಗಾಲದಲ್ಲಿ ಶೇ. 79ರವರೆಗೆ ಮೆಥನಾಲಾಯಿತು. ಐಸಿಐ ವೇಗವರ್ಧಕಕ್ಕಿಂತ ಎಷ್ಟೋ ಡಿಗ್ರಿ ಕೆಳಗೆ ಎಂಬುದನ್ನು ನೆನೆದರೆ, ಹಿಂದೆ ಹೇಳಿದ ಸೂಕ್ಷ್ಮವೇ ಇಲ್ಲೂ ಕೆಲಸ ಮಾಡಿದೆ. ರುಥೇನಿಯಂ ಅಪರೂಪದ ಲೋಹ, ಪ್ರಯೋಗಾಲಯದ ಸೀಸೆ ಕಾರ್ಖಾನೆಯಲ್ಲ. ಹಾಗಿದ್ದೂ ಹಿಡಿಯುವುದು, ಬೇರ್ಪಡಿಸುವುದು, ಬದಲಾಯಿಸುವುದು ಎಂಬ ಮೂರು ಕೆಲಸ ಎರಡಕ್ಕೆ ಇಳಿಯಬಹುದೆಂದು ಅದು ತೋರಿಸಿತು.

ವಿಷದ ಮಾತನ್ನು ಬಿಟ್ಟುಬಿಡುವಂತಿಲ್ಲ, ಅದರಲ್ಲೂ ಕನ್ನಡದಲ್ಲಿ ಬರೆಯುವಾಗ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಗ್ಗವಾಗಿ, ಎಲ್ಲೆಡೆ ಸಿಗುವ ಇಂಧನವಾದರೆ ಇಂಥ ಸಾವು ಹೆಚ್ಚೀತೆಂಬ ಭಯ ನಿರಾಧಾರವಲ್ಲ. ಪೆಟ್ರೋಲೂ ವಿಷವೇ ಎಂದು ಮೆಥನಾಲ್ ಪ್ರತಿಪಾದಕರು ಹೇಳುವ ಉತ್ತರ ನನಗೆ ಸಾಲದು, ಏಕೆಂದರೆ ಪೆಟ್ರೋಲನ್ನು ಯಾರೂ ಹೆಂಡವೆಂದು ಮಾರುವುದಿಲ್ಲ. ಬಂದರು ಮತ್ತು ಕಾರ್ಖಾನೆಯ ಬೇಲಿಯೊಳಗೆ ಉಳಿಯುವ ಮೆಥನಾಲಿಗೂ ಬೀದಿ ಬೀದಿಯ ಬಂಕಿನ ಮೆಥನಾಲಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ದಕ್ಷತೆಯ ಲೆಕ್ಕ ಕಾರನ್ನು ಬಿಟ್ಟು ಹಡಗನ್ನು ಆರಿಸಿಕೊಂಡದ್ದು ಈ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು.

ಇನ್ನು ಉಳಿದಿರುವುದು ಹೈಡ್ರೋಜನ್ನಿನ ಬೆಲೆ. ಡೆನ್ಮಾರ್ಕಿನ ಕಾಸೋದಲ್ಲಿ 2025ರಲ್ಲಿ ಆರಂಭವಾದ, ವರ್ಷಕ್ಕೆ 42,000 ಟನ್ ಸಾಮರ್ಥ್ಯದ ಘಟಕ ಸೌರವಿದ್ಯುತ್ತಿನಿಂದ ನೀರೊಡೆದ ಹೈಡ್ರೋಜನ್, ಜೈವಿಕ ಮೂಲದ ಇಂಗಾಲದ ಡೈಆಕ್ಸೈಡ್ ಎರಡನ್ನೂ ಬಳಸುತ್ತದೆ. ರಸಾಯನಕ್ಕೆ ಸಂಬಂಧಿಸಿದ ಆಕ್ಷೇಪಗಳಿಗೆಲ್ಲ ಅಲ್ಲಿ ಉತ್ತರವಿದೆ, ವೆಚ್ಚದ ಆಕ್ಷೇಪಕ್ಕೆ ಇಲ್ಲ. ಸಿದ್ಧಾಂತದ ಪ್ರಕಾರ ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು 39 ಯೂನಿಟ್ ಸಾಕು, ಯಂತ್ರ ತಿನ್ನುವುದು 50ಕ್ಕೂ ಹೆಚ್ಚು. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ನಷ್ಟವಾಗುವುದು ಹೈಡ್ರೋಜನ್ ಬರುವ ತುದಿಯಲ್ಲಲ್ಲ, ಇನ್ನೊಂದು ತುದಿಯಲ್ಲಿ, ಆಮ್ಲಜನಕ ಬಿಡುಗಡೆಯಾಗುವಲ್ಲಿ. ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನು ಕಿತ್ತು ಎರಡು ಆಮ್ಲಜನಕದ ಪರಮಾಣುಗಳನ್ನು ಬೆಸೆಯುವ ಆ ಕ್ರಿಯೆ ಬಹಳ ನಿಧಾನ. ಆಮ್ಲೀಯ ಪೊರೆಯ ಯಂತ್ರಗಳಲ್ಲಿ ಅದನ್ನು ತಾಳಿಕೊಂಡು ನಡೆಸುವ ಲೋಹ ಇರಿಡಿಯಂ, ಜಗತ್ತಿನ ಗಣಿಗಳಿಂದ ವರ್ಷಕ್ಕೆ ಹತ್ತು ಟನ್ನೂ ಬರುವುದಿಲ್ಲ. ಕ್ಷಾರದ ದ್ರಾವಣದಲ್ಲಿ ನಿಕ್ಕಲ್ ಸಾಕು, ಆದರೆ ಬಿಸಿಲು ಗಾಳಿಗಳ ಜೊತೆ ಏರಿಳಿಯುವ ವಿದ್ಯುತ್ತಿಗೆ ಅಂಥ ಯಂತ್ರಗಳು ಅಷ್ಟು ಚುರುಕಾಗಿ ಹೊಂದಿಕೊಳ್ಳುವುದಿಲ್ಲ. ಮೆಥನಾಲ್ ಆರ್ಥಿಕತೆಯ ಹಣೆಬರಹ ಬರೆಯಲಿರುವ ವೇಗವರ್ಧಕ ಹಾಗಾಗಿ ಇಂಗಾಲವನ್ನು ಮುಟ್ಟುವಂಥದಲ್ಲ, ನೀರಿನಿಂದ ಆಮ್ಲಜನಕ ಬಿಡಿಸುವಂಥದು. ಆಮ್ಲ ಮತ್ತು ಇಂಗಾಲದ ಅಯಾನುಗಳ ನಡುವೆ ಬದುಕು ಕಳೆದ ಓಲಾ ಅವರ ಮುಖ್ಯ ಕ್ಷೇತ್ರ ಅದಾಗಿರಲಿಲ್ಲ.